ಗೇಟಿನಿಂದ ಮೆಷಿನ್‌ವರೆಗೆ ತೊಂಬತ್ತು ದಿನ

ಮೊನ್ನೆ ನವೆಂಬರ್ 1ಕ್ಕೆ ನಮ್ಮ ಕಾರ್ಖಾನೆಯ ಹೊಸಬರು ಕೆಲಸಕ್ಕೆ ಸೇರಿ ಸರಿಯಾಗಿ ತೊಂಬತ್ತು ದಿನ. ಕಾರ್ಖಾನೆಯಲ್ಲಿ ರಾಜ್ಯೋತ್ಸವದ ಬಾವುಟ ಹಾರಿಸಿ, ಸಿಹಿ ಹಂಚಿ ಮನೆಗೆ ಬಂದವಳು ಅವತ್ತೇ ರಾತ್ರಿ ಇದನ್ನು ಬರೆಯಲು ಕೂತೆ. ಶಿವಮೊಗ್ಗ, ಭದ್ರಾವತಿ, ಸಾಗರದ ಕಡೆ ನಮ್ಮಂಥ ಸಣ್ಣ ಕಾರ್ಖಾನೆಗಳು ಎಷ್ಟೋ ಇವೆ. ಅಲ್ಲೆಲ್ಲ ನನ್ನ ಹಾಗೆ ಲೆಕ್ಕಪತ್ರ ನೋಡುತ್ತಲೇ ಹಾಜರಿ, ಸಂಬಳ, ಪಿಎಫ್ ಎಲ್ಲವನ್ನೂ ಹೊತ್ತುಕೊಂಡವರು ಒಬ್ಬರಾದರೂ ಇರುತ್ತಾರೆ. ಅವರ ಮೇಜಿನ ಮೇಲೆ ಹೊಸಬರ ಅರ್ಜಿ ಬಿದ್ದಾಗ ನಾನು ತಡಕಾಡಿದ ಹಾಗೆ ಅವರು ತಡಕಾಡದಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಮಾಚೇನಹಳ್ಳಿ ಕಡೆಯ ಒಂದು ಮೆಷಿನ್ ಶಾಪ್. ಫೌಂಡ್ರಿಗಳಿಂದ ಬರುವ ಎರಕದ ಭಾಗಗಳನ್ನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತ್‌ಗೆ ಕಟ್ಟಿ, ತಿರುಗಿಸಿ, ಅಳತೆಗೆ ತಂದು ಕಳಿಸುವ ಕೆಲಸ. ಇದ್ದವರು 38 ಜನ. ಹೋದ ವರ್ಷ ನಾಲ್ವರನ್ನು ತೆಗೆದುಕೊಂಡಿದ್ದೆವು, ಎರಡು ತಿಂಗಳಲ್ಲಿ ಮೂವರು ಬಿಟ್ಟರು. ಅವರಲ್ಲಿ ಒಬ್ಬ ಹುಡುಗ ನಾಲ್ಕನೇ ದಿನ ಬರಲೇ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. "ಈಗಿನ ಹುಡುಗರಿಗೆ ಮೈಬಗ್ಗಲ್ಲ" ಎಂದು ಶಾಪ್‌ನಲ್ಲಿ ಮಾತಾಯಿತು, ನಾನೂ ಹೂಂ ಅಂದಿದ್ದೆ.

ಆಮೇಲೆ ಮೂರು ತಿಂಗಳು ಕಳೆದು ಗಾಂಧಿ ಬಜಾರಿನಲ್ಲಿ ಹಬ್ಬದ ಸಾಮಾನು ಕೊಳ್ಳುವಾಗ ಅವನೇ ಎದುರಿಗೆ ಸಿಕ್ಕ. ತಪ್ಪಿಸಿಕೊಂಡು ಹೋಗಲಿಲ್ಲ, ನಿಂತು ಮಾತಾಡಿದ. "ಯಾಕಪ್ಪಾ ಬಿಟ್ಟೆ?" ಅಂದೆ. ಮೊದಲು ಏನೂ ಇಲ್ಲ ಅಂದ. ಆಮೇಲೆ ನಿಧಾನಕ್ಕೆ ಹೇಳಿದ. ಮೊದಲ ದಿನ ಅವನು ಬರುತ್ತಾನೆಂದು ಫೋರ್‌ಮನ್‌ಗೆ ಯಾರೂ ಹೇಳಿರಲಿಲ್ಲವಂತೆ. ಸಂಜೆವರೆಗೆ ಸ್ಟೋರಿನ ಪಕ್ಕ ಮರದ ಪೆಟ್ಟಿಗೆ ಮೇಲೆ ಕೂತಿದ್ದನಂತೆ. ಹತ್ತೂವರೆಗೆ ಟೀ ಬರುತ್ತಿತ್ತು, ಎಲ್ಲರೂ ತೆಗೆದುಕೊಳ್ಳುತ್ತಿದ್ದರು. "ಅದಕ್ಕೆ ದುಡ್ಡು ಕೊಡಬೇಕೋ ಬೇಡವೋ ಗೊತ್ತಿರಲಿಲ್ಲ ಅಕ್ಕಾ. ಜೇಬಲ್ಲಿ ಬಸ್ಸಿಗಷ್ಟೇ ಇತ್ತು. ಮೂರು ದಿನ ಕುಡೀಲಿಲ್ಲ." ಊಟದ ಡಬ್ಬಿಯನ್ನು ಕಂಪ್ರೆಸರ್ ಮನೆಯ ಹಿಂದೆ ನಿಂತೇ ಬಿಚ್ಚುತ್ತಿದ್ದನಂತೆ. ಊಟಕ್ಕೆ ಕೂರುವ ಶೆಡ್ ಒಂದಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ನಮ್ಮಲ್ಲಿ ಟೀ ಪುಕ್ಕಟೆ. ಆ ಒಂದು ಮಾತು ಅವನಿಗೆ ಹೇಳುವವರಿರಲಿಲ್ಲ. ಅವನ ಹೆಸರು, ಬ್ಯಾಂಕ್ ಖಾತೆ, ಆಧಾರ್ ಎಲ್ಲ ನನ್ನ ಫೈಲಿನಲ್ಲಿತ್ತು. ಹುಡುಗ ಮಾತ್ರ ಕಂಪ್ರೆಸರ್ ಹಿಂದೆ ನಿಂತಿದ್ದ. ಅವತ್ತು ಮನೆಗೆ ಬಂದು ಸಾಮಾನಿನ ಚೀಲ ಕೆಳಗಿಟ್ಟು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ.

ಈ ವರ್ಷ ಜುಲೈಯಲ್ಲಿ ಮತ್ತೆ ಐವರನ್ನು ಆರಿಸಿದಾಗ ಮಾಲೀಕರ ಹತ್ತಿರ ಹೋಗಿ, ಈ ಸಲ ಸೇರಿಸಿಕೊಳ್ಳುವ ಕೆಲಸ ಪೂರ್ತಿ ನನಗೆ ಬಿಡಿ ಎಂದೆ. "ಸೇರಿಸಿಕೊಳ್ಳೋದ್ರಲ್ಲಿ ಏನಿದೆಯಮ್ಮಾ, ಫಾರಂ ತುಂಬಿಸಿ ಒಳಗೆ ಕಳಿಸಿದ್ರೆ ಆಯ್ತು" ಅಂದರು. ಆದರೂ ಬಿಟ್ಟರು.

ಐವರೆಂದರೆ: ಹೊಸನಗರ ತಾಲ್ಲೂಕಿನ ಒಬ್ಬ ಡಿಪ್ಲೊಮಾ ಹುಡುಗಿ, ತೀರ್ಥಹಳ್ಳಿ ಕಡೆಯ ಐಟಿಐ ಹುಡುಗ, ಬೆಂಗಳೂರಿನ ಪೀಣ್ಯದಲ್ಲಿ ಒಂದೂವರೆ ವರ್ಷ ದುಡಿದು ವಾಪಸ್ ಬಂದ ಸೊರಬದ ಹುಡುಗ, ಸ್ಟೋರ್ ನೋಡಿಕೊಳ್ಳಲು ಬಿ.ಕಾಂ. ಮುಗಿಸಿದ ಶಿಕಾರಿಪುರದ ಹುಡುಗಿ, ಮತ್ತೆ ಇಪ್ಪತ್ತು ವರ್ಷ ಲೇತ್ ಮೇಲೆ ಕೈಯಾಡಿಸಿದ ಭದ್ರಾವತಿಯ ಹಿರಿಯರು. ಸೇರುವ ದಿನ ಆಗಸ್ಟ್ 4, ಸೋಮವಾರ.

ನಾನು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ಕಾಗದಪತ್ರಕ್ಕೆ ಸೇರುವ ದಿನದವರೆಗೆ ಕಾಯದೆ ಹತ್ತು ದಿನ ಮೊದಲೇ ಕೈಹಾಕಿದ್ದು. ಪ್ರತಿಯೊಬ್ಬರಿಗೂ ಫೋನ್ ಮಾಡಿ ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಪ್ಯಾನ್, ಎರಡು ಫೋಟೊ ಎಂದು ಹೇಳಿದೆ. ಬಂದ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೇ ಗೊತ್ತಾಯಿತು, ಐವರಲ್ಲಿ ಇಬ್ಬರ ಹೆಸರು ಎರಡು ಕಡೆ ಎರಡು ಥರ. ನಮ್ಮ ಕಡೆ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಷಿಯಲ್ ಇರುತ್ತದೆ. ಆಧಾರ್ ಮಾಡಿಸುವಾಗ ಅದು ಬಿಟ್ಟುಹೋಗಿರುತ್ತದೆ, ಇಲ್ಲವೇ ಅಪ್ಪನ ಪೂರ್ತಿ ಹೆಸರು ಸೇರಿಕೊಂಡಿರುತ್ತದೆ. ಪಿಎಫ್‌ಗೂ ಇಎಸ್‌ಐಗೂ (ಕಾರ್ಮಿಕರ ಆರೋಗ್ಯ ವಿಮೆ) ಆಧಾರಿನಲ್ಲಿರುವ ಹೆಸರೇ ಆಧಾರ. ಹಾಗಾಗಿ ನೇಮಕಾತಿ ಪತ್ರದಿಂದ ಹಿಡಿದು ಹಾಜರಿ ಪುಸ್ತಕದವರೆಗೆ ಎಲ್ಲ ಕಡೆ ಆಧಾರಿನಲ್ಲಿದ್ದಂತೆಯೇ ಅಕ್ಷರ ಬಿಡದೆ ಬರೆಯಿರಿ. ಅಂಕಪಟ್ಟಿ ನೋಡಿ ಬರೆದರೆ ಆರು ತಿಂಗಳಾದ ಮೇಲೆ ಹೆಸರು ತಿದ್ದಿಸಲು ಜಾಯಿಂಟ್ ಡಿಕ್ಲರೇಷನ್ (ನೌಕರ, ಕಾರ್ಖಾನೆ ಇಬ್ಬರೂ ಸೇರಿ ಕೊಡುವ ಅರ್ಜಿ) ಎಂದು ಓಡಾಡಬೇಕಾಗುತ್ತದೆ.

ನೇಮಕಾತಿ ಪತ್ರವನ್ನು ಕನ್ನಡದಲ್ಲೇ ಬರೆದೆ. ಹಳೆಯ ನಮೂನೆ ಇಂಗ್ಲಿಷಿನಲ್ಲಿತ್ತು, ಸಹಿ ಹಾಕುವವರು ಓದುತ್ತಿರಲಿಲ್ಲ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000, ಉಳಿದ ಭತ್ಯೆ 3,000, ಒಟ್ಟು 18,000. ಅದರಲ್ಲಿ ಪಿಎಫ್‌ಗೆ ಶೇ. 12ರಂತೆ 1,800, ಇಎಸ್‌ಐಗೆ ಶೇ. 0.75ರಂತೆ 135 ಹೋಗಿ ಕೈಗೆ ಬರುವುದು 16,065 ಎಂದು ಕೊನೆಯ ರೂಪಾಯಿವರೆಗೆ ಬರೆದೆ. ಕಾರ್ಖಾನೆಯೂ ಪಿಎಫ್‌ಗೆ ಅಷ್ಟೇ ಹಾಕುತ್ತದೆ, ಆ ಶೇ. 12ರಲ್ಲಿ ಶೇ. 8.33 ಪಿಂಚಣಿಗೆ ಹೋಗುತ್ತದೆ, ಇಎಸ್‌ಐಗೆ ಕಾರ್ಖಾನೆಯ ಪಾಲು ಶೇ. 3.25 ಎಂಬುದನ್ನೂ ಸೇರಿಸಿದೆ. ಹಿಂದೆಲ್ಲ ಮೊದಲ ಸಂಬಳದ ದಿನ "ಹದಿನೆಂಟು ಅಂದಿದ್ರಿ, ಹದಿನಾರು ಬಂದಿದೆ" ಎಂದು ಮುಖ ಸಣ್ಣಗೆ ಮಾಡಿಕೊಂಡು ಬರುತ್ತಿದ್ದರು. ಕೆಲವರು ಕೇಳದೆ ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಿದ್ದರು. ಹೊಸನಗರದ ಹುಡುಗಿಯ ಅಪ್ಪ ಪತ್ರ ಪೂರ್ತಿ ಓದಿ ಫೋನ್ ಮಾಡಿ, "ಈ ಇಎಸ್‌ಐ ಅಂದ್ರೆ ಮನೆಯವರಿಗೂ ಆಗ್ತದಾ ಮೇಡಂ?" ಎಂದು ಕೇಳಿದರು. ಆಗ್ತದೆ, ಅವಳ ಮೇಲೆ ಅವಲಂಬಿಸಿರುವ ತಂದೆ ತಾಯಿಗೆ ನಿಯಮದ ಪ್ರಕಾರ ಆಗ್ತದೆ ಎಂದೆ. ಪತ್ರವನ್ನು ಮನೆಯಲ್ಲಿ ಕೂತು ಓದಿದ್ದಾರೆ ಎನ್ನುವುದೇ ನನಗೆ ಖುಷಿಯಾಯಿತು.

ಜುಲೈ ಮುಗಿಯುವ ಹೊತ್ತಿಗೆ ಸರಿಯಾಗಿ ಹೊಸ ತೊಡಕು ಬಂತು. ಅಲ್ಲಿಯವರೆಗೆ ಹೊಸಬರ ಯುಎಎನ್, ಅಂದರೆ ಪಿಎಫ್‌ನ ಆ 12 ಅಂಕಿಯ ಸಂಖ್ಯೆಯನ್ನು ನಾನೇ ಆಫೀಸಿನ ಕಂಪ್ಯೂಟರಿನಲ್ಲಿ ಹುಟ್ಟಿಸುತ್ತಿದ್ದೆ. 2025ರ ಆಗಸ್ಟ್ 1ರಿಂದ ಅದು ಬದಲಾಯಿತು. ನೌಕರರೇ ತಮ್ಮ ಮೊಬೈಲಿನಲ್ಲಿ ಸರ್ಕಾರದ ಉಮಂಗ್ ಆ್ಯಪ್ ತೆರೆದು, ಆಧಾರಿನ ಮುಖ ದೃಢೀಕರಣ ಮಾಡಿ ಪಡೆಯಬೇಕು. ನಮ್ಮವರು ಸೇರುವುದು ಆಗಸ್ಟ್ 4. ಮೂರು ದಿನದಲ್ಲಿ ನಾನು ಕಲಿತು ಅವರಿಗೂ ಕಲಿಸಬೇಕಾಯಿತು.

ಶನಿವಾರ ಎಲ್ಲರಿಗೂ ಫೋನಿನಲ್ಲೇ ಹೇಳಿಕೊಟ್ಟೆ. ಉಮಂಗ್ ಜೊತೆಗೆ ಆಧಾರ್ ಫೇಸ್ ಆರ್‌ಡಿ ಎಂಬ ಇನ್ನೊಂದು ಆ್ಯಪ್ ಬೇಕು. ಅದು ಇಳಿಸಿದ ಮೇಲೆ ಹೊರಗೆ ಕಾಣಿಸುವುದಿಲ್ಲ, ಒಳಗೇ ಕೆಲಸ ಮಾಡುತ್ತದೆ. "ಬಂದಿಲ್ಲ ಮೇಡಂ" ಎಂದು ಮೂರು ಸಲ ಅಳಿಸಿ ಹಾಕಿಕೊಂಡವರಿದ್ದಾರೆ, ಗಾಬರಿ ಬೇಡ. ಆಧಾರಿಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ಆಮೇಲೆ ಮುಖ ತೋರಿಸಿ ಕಣ್ಣು ಮಿಟುಕಿಸಬೇಕು. ನಮ್ಮ ಆಗಸ್ಟ್ ತಿಂಗಳು ಹೇಗಿರುತ್ತದೆ ಗೊತ್ತಲ್ಲ, ಮಟಮಟ ಮಧ್ಯಾಹ್ನವೂ ಮನೆಯೊಳಗೆ ಕತ್ತಲೆ, ಕರೆಂಟಿನ ಗ್ಯಾರಂಟಿ ಇಲ್ಲ. ಜಗಲಿಗೆ ಬಂದು ಬೆಳಕಿಗೆ ಮುಖ ಮಾಡಿ ನಿಂತರೆ ಆಗುತ್ತದೆ.

ಹೊಸನಗರದ ಹುಡುಗಿಯದ್ದು ಬೇರೆಯೇ ಕಥೆ. ಅವಳ ಆಧಾರಿಗೆ ಜೋಡಿಸಿದ್ದು ಅಪ್ಪನ ಕೀಪ್ಯಾಡ್ ಮೊಬೈಲು. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಗದ್ದೆ ದಾಟಿ ದಿಬ್ಬ ಹತ್ತಬೇಕು. ಅವಳು ಅದಾಗಲೇ ಶಿವಮೊಗ್ಗದ ಪಿಜಿಗೆ ಬಂದಿಳಿದಿದ್ದಳು. ಇಲ್ಲಿ ಅವಳು ಒತ್ತಬೇಕು, ಅಲ್ಲಿ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ದಿಬ್ಬದ ಮೇಲೆ ನಿಂತು ಅಂಕಿ ಓದಬೇಕು. ಮೆಸೇಜು ಬಂದು ಸೇರುವಷ್ಟರಲ್ಲಿ ಗಡುವು ಮುಗಿದಿರುತ್ತಿತ್ತು. ನಾಲ್ಕನೇ ಸಲಕ್ಕೆ ಸಿಕ್ಕಿತು. ಆಮೇಲೆ ಅವರು ನನಗೆ ಫೋನ್ ಮಾಡಿ, "ಆಯ್ತಾ ಮೇಡಂ? ಇನ್ನೇನಾದ್ರೂ ಅಂಕಿ ಬರೋದಿದ್ರೆ ಇನ್ನೂ ಸ್ವಲ್ಪ ಹೊತ್ತು ನಿಂತಿರ್ತೀನಿ" ಅಂದರು. ನನಗೆ ಗಂಟಲು ಕಟ್ಟಿತು. ಹೊಸಬರನ್ನು ತೆಗೆದುಕೊಳ್ಳುವ ಮುಂಚೆ ದಯವಿಟ್ಟು ಈ ಒಂದು ಪ್ರಶ್ನೆ ಕೇಳಿ: ಆಧಾರಿಗೆ ಜೋಡಿಸಿದ ಮೊಬೈಲ್ ಯಾರ ಕೈಯಲ್ಲಿದೆ? 

ತೀರ್ಥಹಳ್ಳಿ ಹುಡುಗನ ಮುಖ ಏನು ಮಾಡಿದರೂ ಹೊಂದಲಿಲ್ಲ. ವಿಚಾರಿಸಿದರೆ, ಆಧಾರ್ ಮಾಡಿಸಿದ್ದು ಚಿಕ್ಕವನಿದ್ದಾಗ. ಹದಿನೈದು ತುಂಬಿದ ಮೇಲೆ ಮಾಡಿಸಲೇಬೇಕಾದ ಬೆರಳಚ್ಚು, ಫೋಟೊದ ನವೀಕರಣ ಮಾಡಿಸಿಯೇ ಇರಲಿಲ್ಲ. ಈಗ ಅವನಿಗೆ ಹತ್ತೊಂಬತ್ತು. ಆಧಾರ್ ಕೇಂದ್ರಕ್ಕೆ ಕಳಿಸಿದೆ, ಆಗ 100 ರೂಪಾಯಿ ಆಯಿತು. ಅಕ್ಟೋಬರ್ 1ರಿಂದ ಅದು 125 ಆಗಿದೆ, ಹೆಸರು ವಿಳಾಸದ ತಿದ್ದುಪಡಿ 50ರಿಂದ 75ಕ್ಕೆ ಏರಿದೆ. ನವೀಕರಣವಾಗಿ ಬರಲು ಎರಡು ವಾರ ಹಿಡಿಯಿತು. ಅಷ್ಟು ದಿನ ಅವನು "ನನ್ನ ಕೆಲ್ಸ ಹೋಗಲ್ಲ ಅಲ್ವಾ ಮೇಡಂ?" ಎಂದು ದಿನಾ ಬೆಳಿಗ್ಗೆ ಕೇಳುತ್ತಿದ್ದ. ಯುಎಎನ್ ತಡವಾದರೆ ಕೆಲಸ ಹೋಗುವುದಿಲ್ಲ. ಮುಂದಿನ ತಿಂಗಳ 15ರೊಳಗೆ ಹಣ ಕಟ್ಟುವ ಹೊತ್ತಿಗೆ ಸಂಖ್ಯೆ ಇದ್ದರೆ ಆಯಿತು.

ಸೊರಬದ ಹುಡುಗನಿಗೆ ಯುಎಎನ್ ಆಗಲೇ ಇದೆ ಎಂದು ಆ್ಯಪ್ ಹೇಳಿತು. ಅವನಿಗೆ ಅದು ಗೊತ್ತಿರಲಿಲ್ಲ. ಪೀಣ್ಯದಲ್ಲಿ ಪಿಎಫ್ ಹಿಡಿದಿದ್ದರು, ಅವನು ಸಂಬಳದ ಚೀಟಿ ನೋಡಿದ್ದೇ ಇಲ್ಲ. ಅಲ್ಲಿ ಬಿಟ್ಟ ದಿನಾಂಕವನ್ನೂ ದಾಖಲಿಸಿರಲಿಲ್ಲ. ಒಳ್ಳೆಯ ಸುದ್ದಿಯೆಂದರೆ ಕೊನೆಯ ಕಂತು ಬಿದ್ದು ಎರಡು ತಿಂಗಳಾಗಿದ್ದರೆ ಆ ದಿನಾಂಕವನ್ನು ನೌಕರರೇ ಪೋರ್ಟಲಿನಲ್ಲಿ ಒಟಿಪಿ ಹಾಕಿ ದಾಖಲಿಸಬಹುದು, ಹಳೆಯ ಕಂಪನಿಯ ಬಾಗಿಲು ತಟ್ಟಬೇಕಿಲ್ಲ. ಹಾಗೆಯೇ ಮಾಡಿಸಿದೆ. ಆದರೆ ಇದರಿಂದ ಅವನಿಗೆ ಒಂದು ನಷ್ಟ. ಅದೇ ಆಗಸ್ಟ್ 1ರಿಂದ ಕೇಂದ್ರದ ವಿಕಸಿತ ಭಾರತ ರೋಜ್‌ಗಾರ್ ಯೋಜನೆ ಶುರುವಾಗಿದೆ. ಮೊದಲ ಬಾರಿ ಪಿಎಫ್‌ಗೆ ಸೇರುವವರಿಗೆ ಒಂದು ತಿಂಗಳ ಪಿಎಫ್ ವೇತನ, ಗರಿಷ್ಠ 15,000, ಎರಡು ಕಂತಿನಲ್ಲಿ ಸಿಗುತ್ತದೆ. ಆರು ತಿಂಗಳಿಗೊಂದು, ಹನ್ನೆರಡು ತಿಂಗಳಿಗೊಂದು. ಎರಡನೆಯದಕ್ಕೆ ಹಣಕಾಸು ಸಾಕ್ಷರತೆಯ ಒಂದು ಪಾಠವನ್ನೂ ಮುಗಿಸಬೇಕು. ಉಳಿದ ಮಕ್ಕಳಿಗೆ ಸಿಗುವುದು ಇವನಿಗೆ ಸಿಗುವುದಿಲ್ಲ ಎಂದು ಹೇಳುವುದು ನನಗೆ ಕಷ್ಟವಾಯಿತು. ಬೇರೆಯವರಿಂದ ತಿಳಿಯುವ ಬದಲು ನಾನೇ ಕೂರಿಸಿ ಹೇಳಿದೆ.

ಆಗಸ್ಟ್ 4ರ ಬೆಳಿಗ್ಗೆ ಏಳೂಮುಕ್ಕಾಲಕ್ಕೇ ಗೇಟಿನಲ್ಲಿ ಹೋಗಿ ನಿಂತೆ. ಸೆಕ್ಯೂರಿಟಿ ಅಣ್ಣನಿಗೆ ಹಿಂದಿನ ದಿನವೇ ಐದು ಹೆಸರು ಬರೆದು ಕೊಟ್ಟಿದ್ದೆ. ಬಂದವರನ್ನು ಹೆಸರು ಹಿಡಿದು ಕರೆದದ್ದು ಅವರೇ. ಗುರುತಿನ ಚೀಟಿ, ಎರಡು ಜೊತೆ ಸಮವಸ್ತ್ರ, ಸೇಫ್ಟಿ ಶೂ, ಕನ್ನಡಕ ಮೊದಲೇ ಸಿದ್ಧವಿತ್ತು. ಶೂ ಅಳತೆಯನ್ನು ಫೋನಿನಲ್ಲೇ ಕೇಳಿಟ್ಟುಕೊಂಡಿದ್ದೆ. ಸಮವಸ್ತ್ರಕ್ಕೆ 1,700, ಶೂಗೆ 1,100, ಕನ್ನಡಕಕ್ಕೆ 150, ವೈದ್ಯಕೀಯ ತಪಾಸಣೆಗೆ 650, ಒಬ್ಬರಿಗೆ 3,600 ಖರ್ಚಾಯಿತು. ಹಿಂದೆ ಶೂ ದುಡ್ಡನ್ನು ಮೊದಲ ಸಂಬಳದಲ್ಲಿ ಹಿಡಿಯುವ ರೂಢಿ ಇತ್ತು. ಜಗಳವಾಡಿ ಅದನ್ನು ನಿಲ್ಲಿಸಿದೆ. ಕೆಲಸದ ಅಪಾಯಕ್ಕೆ ಬೇಕಾದ ಶೂಗೆ ಕೆಲಸಗಾರ ದುಡ್ಡು ಕೊಡುವುದು ಯಾವ ನ್ಯಾಯ?

ಮೊದಲು ತೋರಿಸಿದ್ದು ಊಟದ ಶೆಡ್, ಕುಡಿಯುವ ನೀರು, ಸೈಕಲ್ ಸ್ಟ್ಯಾಂಡು. ಟೀ ಬಂದಾಗ ನಾನೇ ಐದು ಲೋಟ ತೆಗೆದು ಕೈಗೆ ಕೊಟ್ಟು, "ಇದಕ್ಕೆ ದುಡ್ಡಿಲ್ಲ, ದಿನಾ ಎರಡು ಸಲ ಬರುತ್ತೆ" ಎಂದೆ. ಆ ಮಾತು ಹೇಳುವಾಗ ಹೋದ ವರ್ಷದ ಹುಡುಗನ ಮುಖ ಕಣ್ಮುಂದೆ ಬಂತು.

ಮಾರನೇ ದಿನ, ಆಗಸ್ಟ್ 5ಕ್ಕೆ, ರಾಜ್ಯದ ಸಾರಿಗೆ ನೌಕರರ ಮುಷ್ಕರ. ಸರ್ಕಾರಿ ಬಸ್ ಇಲ್ಲ. ಹೊಸಬರಿಗೆ ಎರಡನೇ ದಿನವೇ ಗೈರಾಗುವ ಭಯ. ರಾತ್ರಿಯೇ ಎಲ್ಲರಿಗೂ ಮೆಸೇಜ್ ಮಾಡಿದೆ, ತಡವಾದರೆ ಪರವಾಗಿಲ್ಲ, ಖಾಸಗಿ ಬಸ್ ನೋಡಿಕೊಂಡು ಬನ್ನಿ ಎಂದು. ನಮ್ಮ ಮಲೆನಾಡಿನ ರಸ್ತೆಗಳಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚಾದ್ದರಿಂದ ಬದುಕಿಕೊಂಡೆವು. ಹೈಕೋರ್ಟಿನ ಸೂಚನೆಯಿಂದ ಮುಷ್ಕರ ಅವತ್ತೇ ನಿಂತಿತು. ಖಾಸಗಿ ಬಸ್ಸಿನಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ ಎಂಬುದನ್ನು ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಲೆಕ್ಕದಲ್ಲಿಟ್ಟುಕೊಳ್ಳಬೇಕು. ಯಾವ ಪಾಳಿ ಮುಗಿದಾಗ ಯಾವ ಬಸ್ಸು ಸಿಗುತ್ತದೆ ಎಂದು ನೋಡಿ ಇಬ್ಬರು ಹುಡುಗಿಯರಿಗೂ ಬೆಳಗಿನ ಪಾಳಿ ಕೊಡಿಸಿದೆ.

ಸುರಕ್ಷತೆಯ ಪಾಠವನ್ನು ಮೊದಲ ದಿನ ಎರಡು ಗಂಟೆ ಕೂರಿಸಿ ಹೇಳಿಸಿದ್ದು ನನ್ನ ತಪ್ಪು. ಹೊಸ ಜಾಗ, ಹೊಸ ಮುಖಗಳ ನಡುವೆ ತಲೆಗೆ ಏನೂ ಹೋಗಿರಲಿಲ್ಲ. ಆಗಸ್ಟ್ 11ರ ಮಧ್ಯಾಹ್ನ ತೀರ್ಥಹಳ್ಳಿ ಹುಡುಗ ಟೂಲ್‌ಗೆ ಸುತ್ತಿಕೊಂಡ ಚಿಪ್ಸನ್ನು, ಅಂದರೆ ಲೋಹದ ಸುರುಳಿ ಚೂರುಗಳನ್ನು, ಕೈಯಲ್ಲೇ ಎಳೆದ. ಚಿಪ್ಸ್ ತೆಗೆಯುವ ಕೊಕ್ಕೆ ಪಕ್ಕದಲ್ಲೇ ನೇತುಹಾಕಿತ್ತು. ಹೆಬ್ಬೆರಳು ಸೀಳಿ ಮೂರು ಹೊಲಿಗೆ ಬಿತ್ತು. ಅವನ ಇಎಸ್‌ಐ ಸಂಖ್ಯೆ ನಾಲ್ಕು ದಿನ ಮುಂಚೆ, ಆಗಸ್ಟ್ 7ಕ್ಕೇ ಬಂದಿತ್ತು. ನೋಂದಣಿಗೆ ಹತ್ತು ದಿನದ ಅವಕಾಶವಿದೆ ಎಂದು ಕಾಯುತ್ತಾ ಕೂತಿದ್ದರೆ ಅವತ್ತು ನನ್ನ ಕೈ ನಡುಗುತ್ತಿತ್ತು. ಇಎಸ್‌ಐ ರಕ್ಷಣೆ ಕೆಲಸಕ್ಕೆ ಸೇರಿದ ದಿನದಿಂದಲೇ ಇದೆ, ಸಂಬಳ 21,000ದೊಳಗೆ ಇರುವವರಿಗೆಲ್ಲ. ಸಂಖ್ಯೆ ಕೈಯಲ್ಲಿದ್ದರೆ ಆಸ್ಪತ್ರೆಯ ಕಿಟಕಿಯಲ್ಲಿ ಮಾತು ಕಮ್ಮಿ.

ಅವತ್ತಿನಿಂದ ಪಾಠ ಮೆಷಿನ್ ಪಕ್ಕದಲ್ಲೇ. ದಿನಕ್ಕೆ ಹತ್ತು ನಿಮಿಷ, ಒಂದೇ ವಿಷಯ. ಭಾಗವನ್ನು ಕಚ್ಚಿ ಹಿಡಿದು ತಿರುಗುವ ಚಕ್ ಹತ್ತಿರ ಕೈಗವಸು ಯಾಕೆ ಹಾಕಬಾರದು ಎಂಬುದು ಒಂದು ದಿನ, ಚಕ್ ಬಿಗಿಯುವ ಕೀಯನ್ನು ಯಾಕೆ ಅದರಲ್ಲೇ ಬಿಟ್ಟು ಬರಬಾರದು ಎಂಬುದು ಇನ್ನೊಂದು ದಿನ. ಹುಡುಗರೇ ಮಾಡಿ ತೋರಿಸಬೇಕು. ವರ್ನಿಯರ್, ಮೈಕ್ರೋಮೀಟರ್ ಕೂಡ ಹಾಗೆಯೇ. ಡಿಪ್ಲೊಮಾ ಓದಿದವರಿಗೆ 0.01 ಮಿ.ಮೀ. ಓದಲು ಬರುತ್ತದೆ ಎಂದು ನಾವು ತಿಳಿದಿರುತ್ತೇವೆ. ಕಾಲೇಜಿನಲ್ಲಿ ಹತ್ತು ಜನಕ್ಕೆ ಒಂದು ಮೈಕ್ರೋಮೀಟರ್ ಇದ್ದರೆ ಕೈಗೆ ಎಷ್ಟು ಸಲ ಸಿಕ್ಕೀತು? ಒಂದು ವಾರ ಬರೀ ಅಳೆಯುವುದನ್ನೇ ಮಾಡಿಸಿದೆವು. ತಿರಸ್ಕೃತವಾದ ಜಾಬ್‌ಗಳನ್ನು, ಅಂದರೆ ತಿರುಗಿಸಿ ಮುಗಿಸಿದ ಭಾಗಗಳನ್ನು ಕೊಟ್ಟು, ಎಲ್ಲಿ ತಪ್ಪಿದೆ ಹುಡುಕು ಎಂದೆವು. ಹೊಸನಗರದ ಹುಡುಗಿ ನಾಲ್ಕನೇ ದಿನ, ಫೋರ್‌ಮನ್ ಪಾಸ್ ಮಾಡಿದ್ದ ಒಂದು ಜಾಬಿನಲ್ಲೇ ತಪ್ಪು ಹುಡುಕಿದಳು.

ಭದ್ರಾವತಿಯ ಹಿರಿಯರನ್ನು ಬಿಟ್ಟು ಪ್ರತಿಯೊಬ್ಬರಿಗೂ ಒಬ್ಬ ಹಳೆಯ ಕೆಲಸಗಾರನನ್ನು ಜೊತೆ ಮಾಡಿದ್ದೆ. ಇದು ಎಲ್ಲರೂ ಹೇಳುವ ಉಪಾಯ. ಆದರೆ ಇದರಲ್ಲಿ ಯಾರೂ ಹೇಳದ ಒಂದು ತೊಡಕಿದೆ. ಮೂರನೇ ವಾರ ನಮ್ಮ ಹಳೆಯ ಟರ್ನರ್ (ಲೇತ್ ಕೆಲಸಗಾರ) ಒಬ್ಬರು ಸೊರಬದ ಹುಡುಗನ ಮೇಲೆ ಎಲ್ಲರ ಮುಂದೆ ರೇಗಿಬಿಟ್ಟರು. ನಾನು ಹೋಗಿ, "ಯಾಕಣ್ಣಾ, ಹೊಸ ಹುಡುಗ ಅಲ್ವಾ" ಎಂದೆ. "ನಮಗ್ಯಾರು ಕಲ್ಸಿದ್ರು ಮೇಡಂ?" ಅಂದರು. ಸಂಜೆ ಪಾಳಿ ಮುಗಿದ ಮೇಲೆ ಅವರೇ ಬಂದರು. ಹುಡುಗನಿಗೆ ಹೇಳಿಕೊಡುವುದರಲ್ಲಿ ದಿನಕ್ಕೆ ಹತ್ತು ಹನ್ನೆರಡು ಪೀಸ್ ಕಮ್ಮಿಯಾಗುತ್ತಿದೆ, ಇನ್ಸೆಂಟಿವ್ ತಪ್ಪುತ್ತಿದೆ, ಮಗಳ ಕಾಲೇಜಿನ ಫೀಸು ಕಟ್ಟುವ ತಿಂಗಳು ಇದು ಎಂದರು. ನನಗೆ ನಾಚಿಕೆಯಾಯಿತು. ಕಲಿಸುವ ಹೊರೆಯನ್ನು ಅವರ ತಲೆಗೆ ಹೊರಿಸಿ ಅದರ ಬೆಲೆಯನ್ನೂ ಅವರ ಜೇಬಿನಿಂದಲೇ ಕೀಳುತ್ತಿದ್ದೆವು.

ಮಾಲೀಕರ ಹತ್ತಿರ ಹೋದೆ. ಅದೇ ರೋಜ್‌ಗಾರ್ ಯೋಜನೆಯ ಇನ್ನೊಂದು ಭಾಗ ತೆಗೆದು ಮುಂದಿಟ್ಟೆ. ಐವತ್ತಕ್ಕಿಂತ ಕಮ್ಮಿ ಜನರಿರುವ ಜಾಗದಲ್ಲಿ ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ತೆಗೆದುಕೊಂಡು ಆರು ತಿಂಗಳು ಉಳಿಸಿಕೊಂಡರೆ, 10,000ದಿಂದ 20,000ದೊಳಗಿನ ಪಿಎಫ್ ವೇತನದವರಿಗೆ ತಲಾ 2,000ದಂತೆ ತಿಂಗಳು ತಿಂಗಳ ಲೆಕ್ಕದಲ್ಲಿ ಎರಡು ವರ್ಷ, ತಯಾರಿಕಾ ವಲಯವಾದರೆ ನಾಲ್ಕು ವರ್ಷ, ಕಾರ್ಖಾನೆಗೆ ಬರುತ್ತದೆ. "ಉಳಿದರೆ ತಾನೇ ಸಾರ್ ಬರೋದು? ಉಳಿಸೋರು ಇವರು" ಎಂದೆ. ಜೊತೆಗಾರರಿಗೆ ಮೂರು ತಿಂಗಳು ತಲಾ 1,500 ಕೊಡಲು, ಮೊದಲ ತಿಂಗಳು ಅವರ ಪೀಸಿನ ಗುರಿ ಇಳಿಸಲು ಒಪ್ಪಿದರು. ಅದೇ ಟರ್ನರ್ ಅಣ್ಣ ಮುಂದಿನ ವಾರ ಮೆಷಿನ್ನಿನ ಬಾಗಿಲಿಗೆ ಒಂದು ರಟ್ಟು ಅಂಟಿಸಿದ್ದರು. ಆಫ್‌ಸೆಟ್ (ಟೂಲಿನ ಅಳತೆ ತಿದ್ದುವ ಅಂಕಿ) ಕೊಡುವ ಹಂತಗಳನ್ನು ಕನ್ನಡದಲ್ಲಿ, ತಮ್ಮದೇ ಅಕ್ಷರದಲ್ಲಿ ಬರೆದಿದ್ದರು.

ಭದ್ರಾವತಿಯ ಹಿರಿಯರು ಆ ಹೊತ್ತಿಗೆ ಹೋಗಿಬಿಟ್ಟಿದ್ದರು. ಇಪ್ಪತ್ತು ವರ್ಷದ ಅನುಭವ, ಅವರಿಗೇನು ಹೇಳಿಕೊಡುವುದು ಎಂದು ನಾನು ಜೊತೆಗಾರರನ್ನೂ ಕೊಟ್ಟಿರಲಿಲ್ಲ, ಕೂತು ಮಾತಾಡಿರಲೂ ಇಲ್ಲ. ಅವರಿಗೆ ಹಳೆಯ ಲೇತ್ ಕೈಯಲ್ಲಿ ಕುಣಿಯುತ್ತಿತ್ತು, ನಮ್ಮ ಸಿಎನ್‌ಸಿಯ ಪರದೆ ಹೊಸದು. ಇಪ್ಪತ್ತರ ಹುಡುಗರ ಮುಂದೆ ಕೇಳಲು ಸಂಕೋಚ. "ನನಗಿಲ್ಲಿ ಕೆಲಸ ಇಲ್ಲಮ್ಮ" ಎಂದು ಲೆಕ್ಕ ತೀರಿಸಿಕೊಂಡು ಹೋದರು. ತಡೆಯಲು ನೋಡಿದೆ, ಆಗಲೇ ತಡವಾಗಿತ್ತು. ಅನುಭವಸ್ಥರನ್ನು ತೆಗೆದುಕೊಳ್ಳುವಾಗ, ಇಲ್ಲಿ ನಿಮಗೆ ಯಾವುದು ಹೊಸದು ಎಂದು ಮೊದಲ ದಿನವೇ ಒಬ್ಬರೇ ಇದ್ದಾಗ ಕೇಳಿ. ನನಗೆ ಈ ತೊಂಬತ್ತು ದಿನದಲ್ಲಿ ಇನ್ನೂ ಚುಚ್ಚುತ್ತಿರುವುದು ಇದೊಂದೇ.

ಸೆಪ್ಟೆಂಬರ್ 6ಕ್ಕೆ ಸಂಬಳ ಹಾಕಿದಾಗ ಶಿಕಾರಿಪುರದ ಹುಡುಗಿಯ ದುಡ್ಡು ವಾಪಸ್ ಬಂತು. ಅವಳು ಕೊಟ್ಟದ್ದು ಶಾಲೆಯ ವಿದ್ಯಾರ್ಥಿವೇತನಕ್ಕೆಂದು ತೆರೆದಿದ್ದ ಸಿಂಡಿಕೇಟ್ ಬ್ಯಾಂಕಿನ ಪಾಸ್‌ಬುಕ್. ಆ ಬ್ಯಾಂಕು 2020ರ ಏಪ್ರಿಲ್‌ನಲ್ಲೇ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿದೆ, ಹಳೆಯ ಶಾಖಾ ಸಂಕೇತವಾದ ಐಎಫ್‌ಎಸ್‌ಸಿ ನಡೆಯುವುದಿಲ್ಲ. ನಾನು ನೋಡಿದ್ದು ಖಾತೆಯ ಸಂಖ್ಯೆಯನ್ನು ಮಾತ್ರ. ಮೂರು ದಿನ ತಡವಾಯಿತು. ಉಳಿದವರಿಗೆಲ್ಲ ಬಂದು ಅವಳಿಗೆ ಮಾತ್ರ ಬರದ ಆ ಮೂರು ದಿನ ನನ್ನ ಮುಖ ನೋಡಿಯೂ ನೋಡದ ಹಾಗೆ ಓಡಾಡಿದಳು ಪಾಪ. ಸಂಬಳಕ್ಕೆ ಒಂದು ವಾರ ಮುಂಚೆ ಒಂದು ರೂಪಾಯಿ ಕಳಿಸಿ ನೋಡಿ. ಈಗ ನಾನು ಹಾಗೆಯೇ ಮಾಡುತ್ತೇನೆ.

ಮೂವತ್ತನೇ ದಿನದ ಮಾತುಕತೆಯನ್ನು ಆಫೀಸಿನ ಮೇಜಿನ ಆಚೆ ಈಚೆ ಕೂತು ಮಾಡಲಿಲ್ಲ. ಶೆಡ್‌ನಲ್ಲಿ ಊಟವಾದ ಮೇಲೆ ಒಬ್ಬೊಬ್ಬರ ಹತ್ತಿರ ಕೂತೆ. "ಹೇಗಿದೆ?" ಎಂದರೆ ಎಲ್ಲರೂ "ಚೆನ್ನಾಗಿದೆ ಮೇಡಂ" ಎನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. "ಮೊದಲನೇ ವಾರ ನಿನಗೆ ಗೊತ್ತಿಲ್ಲದೆ ಕಷ್ಟ ಆಗಿದ್ದು ಯಾವುದು?" ಎಂದು ಕೇಳಿದೆ. ಹೊಸನಗರದ ಹುಡುಗಿ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೂತಳು. ಆಮೇಲೆ ಹೇಳಿದಳು, ಶಾಪ್ ಕಡೆಯ ಹೆಂಗಸರ ಶೌಚಾಲಯಕ್ಕೆ ಬೀಗ ಇರುತ್ತದೆ, ಕೀ ಸೆಕ್ಯೂರಿಟಿ ಹತ್ತಿರ ಇರುತ್ತದೆ. ಗಂಡಸರ ಹತ್ತಿರ ಹೋಗಿ ಕೀ ಕೇಳಲಾಗದೆ ಮೊದಲ ಒಂದು ವಾರ ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯುತ್ತಿರಲಿಲ್ಲವಂತೆ.

ನಾನೂ ಹೆಂಗಸು. ಆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನನಗೆ ಆಫೀಸಿನ ಪಕ್ಕದ ಶೌಚಾಲಯವಿದೆ, ಅದಕ್ಕೆ ಬೀಗವಿಲ್ಲ. ಶಾಪ್‌ನಲ್ಲಿ ಹೆಣ್ಣುಮಕ್ಕಳು ಇರಲಿಲ್ಲವಾದ್ದರಿಂದ ಆ ಬೀಗದ ಯೋಚನೆಯೇ ಬಂದಿರಲಿಲ್ಲ. ಊಟದ ಶೆಡ್, ಟೀ, ನೀರು ಎಲ್ಲ ತೋರಿಸಿದವಳು ಇದನ್ನು ತೋರಿಸಿರಲಿಲ್ಲ. ಅವತ್ತೇ ಬೀಗ ತೆಗೆಸಿ ಒಳಗಿನಿಂದ ಹಾಕುವ ಚಿಲಕ ಸರಿಮಾಡಿಸಿದೆ. "ಮೊದಲೇ ಹೇಳಬಾರದಿತ್ತೇನೇ?" ಎಂದೆ. "ಹೊಸಬಳು ಅಲ್ವಾ ಮೇಡಂ" ಅಂದಳು.

ಅಕ್ಟೋಬರಿನಲ್ಲಿ ಭೂಮಿ ಹುಣ್ಣಿಮೆಗೆ ಅವಳು ಊರಿಗೆ ಹೋಗಿಬಂದಳು, ಚೀಲದ ತುಂಬ ಕಡುಬು ಕಟ್ಟಿಸಿಕೊಂಡು. ತಿಂಗಳ ಕೊನೆಯಲ್ಲಿ ತೀರ್ಥಹಳ್ಳಿ ಹುಡುಗ ಬಂದು ನಿಂತ. ಮನೆಯಲ್ಲಿ ಅಡಿಕೆ ಕೊನೆಕೊಯ್ಲು, ಆಳು ಸಿಗುತ್ತಿಲ್ಲ, ಆರು ದಿನ ರಜೆ ಬೇಕು. ಹಿಂದಿನ ವರ್ಷಗಳಲ್ಲಿ ಇದೇ ಕಾಲಕ್ಕೆ ಹುಡುಗರು ಹೇಳದೆ ಮಾಯವಾಗುತ್ತಿದ್ದರು. ವಾಪಸ್ ಬರಲು ಮುಖವಿಲ್ಲದೆ ಅಲ್ಲೇ ಉಳಿಯುತ್ತಿದ್ದರು. ಇವನು ಬಂದು ಕೇಳಿದ. ಸಂಬಳವಿಲ್ಲದ ರಜೆ, ಆದರೆ ಕೆಲಸ ಇರುತ್ತದೆ ಎಂದು ಕಾಗದದ ಮೇಲೆ ಬರೆದುಕೊಟ್ಟೆ. ಏಳನೇ ದಿನ ಬೆಳಿಗ್ಗೆ ಎಂಟಕ್ಕೆ ಗೇಟಿನಲ್ಲಿದ್ದ, ಅಂಗೈಯೆಲ್ಲ ಅಡಿಕೆ ಸುಲಿದ ಕಪ್ಪು ಕರೆ.

ನವೆಂಬರ್ 1ರ ಬಾವುಟದ ಕಾರ್ಯಕ್ರಮ ಮುಗಿದ ಮೇಲೆ ನಾಲ್ವರ ಕೈಗೂ ಪ್ರೊಬೇಷನ್ ಮುಗಿದ ಪತ್ರ ಕೊಟ್ಟೆವು. ಯೋಜನೆಯ ಮೊದಲ ಕಂತು ಫೆಬ್ರವರಿ ದಾಟಿದ ಮೇಲಿನ ಮಾತು, ಅದಕ್ಕೆ ಅವರ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಈಗಲೇ ನೋಡಿಸುತ್ತಿದ್ದೇನೆ. ಸೊರಬದ ಹುಡುಗನ ಹಳೆಯ ಪಿಎಫ್ ಹಣ ಹೊಸ ಖಾತೆಗೆ ವರ್ಗವಾಗುವುದು ಇನ್ನೂ ಬಾಕಿ.

ನವೆಂಬರ್ 17ಕ್ಕೆ ಇನ್ನಿಬ್ಬರು ಬರುತ್ತಾರೆ. ಮೊದಲ ದಿನ ಏನೇನು ತೋರಿಸಬೇಕು ಎಂದು ನಾನು ಬರೆದಿಟ್ಟ ಹಾಳೆಯನ್ನು ನಾಲ್ವರಿಗೂ ಕೊಟ್ಟು, ಬಿಟ್ಟುಹೋದದ್ದನ್ನು ಸೇರಿಸಿ ಎಂದಿದ್ದೆ. ನಿನ್ನೆ ವಾಪಸ್ ಬಂತು. ಶೌಚಾಲಯ, ಕೊನೆಯ ಬಸ್ಸಿನ ಹೊತ್ತು, ಮಳೆಗಾಲದಲ್ಲಿ ಒದ್ದೆ ಕೊಡೆ ಎಲ್ಲಿಡಬೇಕು, ಕರೆಂಟ್ ಹೋದಾಗ ಮೆಷಿನ್ ಮುಂದೆ ಏನು ಮಾಡಬೇಕು, ಫೋರ್‌ಮನ್‌ರನ್ನು ಏನೆಂದು ಕರೆಯಬೇಕು. ಹನ್ನೊಂದು ಸಾಲು ಸೇರಿಸಿದ್ದಾರೆ. ನಾಳೆ ಆಫೀಸಿಗೆ ಹೋದವಳೇ ಅದನ್ನು ಟೈಪ್ ಮಾಡಬೇಕು.